ಮೂರನೇ ಸುರಂಗದ ಉಸಿರು

ಬಂಡೆಯ ಕೆಳಗಿರುವ ಮನುಷ್ಯ ಎಲ್ಲಿದ್ದಾನೆ, ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬುದು ಮೇಲೆ ಕುಳಿತವರಿಗೆ ಕ್ಷಣಕ್ಷಣವೂ ಕಾಣುವಂತಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದವಳು ನಾನು. ಉತ್ತರ ಸಿಕ್ಕಿತು. ಶಾಲು ಹೊದಿಸಿದರು, ಫೋಟೋ ತೆಗೆದರು. ಆ ಉತ್ತರದಲ್ಲಿ ಒಂದು ತಪ್ಪು ಉಳಿದಿದೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅದು ಎಷ್ಟು ದೊಡ್ಡದು ಎಂಬುದು ತಿಳಿದದ್ದು ಮಾತ್ರ ನೆಲದಿಂದ ಒಂದೂವರೆ ಸಾವಿರ ಅಡಿ ಕೆಳಗೆ, ಬೆನ್ನಿಗೆ ಕಬ್ಬಿಣ, ಮೊಣಕಾಲಿಗೆ ಬಂಡೆ ತಾಗಿಸಿಕೊಂಡು ಕುಳಿತಾಗ.

ನನ್ನ ಹೆಸರು ಕುಮುದಾ. ದಾವಣಗೆರೆಯವಳು. ರಾಯಚೂರು ಸೀಮೆಯ ಜಾಲಗುಡ್ಡ ಚಿನ್ನದ ಗಣಿಯಲ್ಲಿ ನನ್ನನ್ನು ಎಲ್ಲರೂ ಕರೆಯುವುದು ‘ಚುಕ್ಕಿ ಮೇಡಂ’ ಎಂದು. ಗಣಿಗಿಳಿಯುವ ಪ್ರತಿಯೊಬ್ಬರ ಎದೆಯ ಮೇಲೂ ಅಂಗೈಯಗಲದ ಒಂದು ಬಿಲ್ಲೆ ಇರುತ್ತದೆ. ಅದು ರೇಡಿಯೋ ಮಿಡಿತಗಳನ್ನು ಕಳಿಸುತ್ತದೆ. ಒಂದೊಂದು ಮಿಡಿತವೂ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕದು. ಅಷ್ಟು ಹೊತ್ತಿನಲ್ಲಿ ರೇಡಿಯೋ ಅಲೆ ಸಾಗುವುದು ಒಂದೇ ಒಂದು ಅಡಿ. ಹಾಗಾಗಿ ಸುರಂಗದ ಗೋಡೆಗೆ ಹಾಕಿದ ಪೆಟ್ಟಿಗೆಗೆ ಮಿಡಿತ ಎಷ್ಟು ತಡವಾಗಿ ಬಂತು ಎಂದು ಅಳೆದರೆ, ಮನುಷ್ಯ ಎಷ್ಟು ಅಡಿ ದೂರದಲ್ಲಿದ್ದಾನೆ ಎಂದು ಹೇಳಿಬಿಡಬಹುದು. ಅದೇ ಮಿಡಿತ ಎದೆಗೆ ಬಡಿದು ವಾಪಸು ಬರುವುದರಿಂದ ಉಸಿರೂ ಸಿಗುತ್ತದೆ.

ಬಯಲಿನಲ್ಲಾದರೆ ಇಷ್ಟೇ ಸಾಕು. ಸುರಂಗದಲ್ಲಿ ಹೊರಟ ಒಂದು ಮಿಡಿತ ಗೋಡೆಗೆ, ಸೂರಿಗೆ, ಹಳಿಗೆ ಬಡಿದು ಐವತ್ತಾಗಿ ಬರುತ್ತದೆ. ಅವುಗಳಲ್ಲಿ ನೆಟ್ಟಗೆ ಬಂದದ್ದು ಯಾವುದು, ಊರೆಲ್ಲ ಸುತ್ತಿ ಬಂದದ್ದು ಯಾವುದು? ಅದನ್ನು ಹೇಳಲು ಆ ಸುರಂಗದಲ್ಲಿ ಅಲೆಗಳು ಹೇಗೆ ಓಡಾಡುತ್ತವೆ ಎಂಬುದರ ಮಾದರಿ ಬೇಕು. ನಾವು ಅದನ್ನು ಚಾನೆಲ್ ಮಾದರಿ ಎನ್ನುತ್ತೇವೆ. ಸುರಂಗದ ಒಳಗೆ ಹೆಜ್ಜೆಹೆಜ್ಜೆಗೂ ನಿಂತು ಅಳತೆ ಮಾಡಿ, ಆ ಅಳತೆಗಳಿಂದ ಮಾದರಿ ಕಟ್ಟಬೇಕು. ಜಾಲಗುಡ್ಡದ ಮಾದರಿ ಕಟ್ಟಿದವಳು ನಾನು.

ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಒಬ್ಬೊಬ್ಬ ಕಾರ್ಮಿಕನೂ ಒಂದೊಂದು ಹಸಿರು ಚುಕ್ಕಿ. ಉಸಿರಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ವರ್ಷದ ಹಿಂದೆ ಕಾರ್ಮಿಕರ ಕಾಲೊನಿಯ ಮನೆಗಳಿಗೂ ಒಂದೊಂದು ಚಿಕ್ಕ ಪರದೆ ಹಾಕಿಸಿದೆವು. ಅಲ್ಲಿಂದ ಕಾಲೊನಿಯ ಬದುಕೇ ಬೇರೆಯಾಯಿತು. ಚುಕ್ಕಿ ಲಿಫ್ಟಿನ ಬಳಿ ಬಂದ ಮೇಲೆ ಹೆಂಗಸರು ರೊಟ್ಟಿ ತಟ್ಟಲು ಕೂರುತ್ತಿದ್ದರು. ಊಟದ ಹೊತ್ತಿಗೆ ನಾಲ್ಕು ಚುಕ್ಕಿ ಒಂದೇ ಮೂಲೆಯಲ್ಲಿ ಗುಂಪಾದರೆ ಇಸ್ಪೀಟು ನಡೆದಿದೆ ಎಂದು ಮನೆಯಲ್ಲೇ ಗೊತ್ತಾಗುತ್ತಿತ್ತು. “ಪಾತಾಳಕ್ಕ ಇಳದರೂ ನೆಮ್ಮದಿ ಇಲ್ದಂಗ ಮಾಡಿಟ್ರಿ ಮೇಡಂ” ಎಂದು ಗಂಡಸರು ನನ್ನನ್ನು ಬೈಯುತ್ತಿದ್ದರು.

ಆ ಪರದೆಗಳ ಬಗ್ಗೆ ಮೊದಲು ತಕರಾರು ತೆಗೆದವರು ಹುಸೇನಬಿ. ಖಾಸಿಂಸಾಬ್ ಮೇಸ್ತ್ರಿಯ ಹೆಂಡತಿ. ಚಹಾ ಕೊಟ್ಟು ಕೂರಿಸಿ, ಪರದೆಯ ಕಡೆ ಕೈ ತೋರಿಸಿದರು.

“ಇದು ನಮ್ಮೋರ ಉಸುರಲ್ಲ ಬೇಟಿ. ಗಡಿಯಾರದಂಗ ಟಿಕ್ ಟಿಕ್ ಅಂತದ. ಮನಷ್ಯಾ ಹಿಂಗ ಉಸರಾಡತಾನೇನು?”

ನಿಜ. ನಿಯಂತ್ರಣ ಕೊಠಡಿಯಲ್ಲಿ ಚುಕ್ಕಿ ಕುಣಿದಾಡಬಾರದು ಎಂದು ಒಂದು ನಿಮಿಷದ ಸರಾಸರಿ ತೆಗೆದು ತೋರಿಸುವಂತೆ ಮಾಡಿದ್ದೆ. ಮನೆಗಳಿಗೂ ಅದನ್ನೇ ಕಳಿಸಿದ್ದೆ. ಹುಸೇನಬಿ ಹೇಳಿದ ಮೇಲೆ ಮನೆಯ ಪರದೆಗಳಿಗೆ ಮಾತ್ರ ಸರಾಸರಿ ತೆಗೆಯದೆ, ಬಂದದ್ದನ್ನು ಬಂದ ಹಾಗೆ ಕಳಿಸಿದೆ. ಹನ್ನೊಂದು ವರ್ಷದಲ್ಲಿ ನಾನು ಬೇರೆಯವರ ಮಾತು ಕೇಳಿ ಮಾಡಿದ ಬದಲಾವಣೆ ಅದೊಂದೇ ಇರಬೇಕು.

ಆ ದಿನ ಬೆಳಗಿನ ಪಾಳಿಗೆ ಗಣಿಯ ಒಳ ಅಂತಸ್ತುಗಳಲ್ಲಿ ಹದಿನಾಲ್ಕನೇ ಲೆವೆಲ್‌ಗೆ ಇಳಿದವರು ನಾವು ಮೂವರು. ನಾನು, ಖಾಸಿಂಸಾಬ್, ಅದಿರು ಸಾಗಿಸುವ ಕಬ್ಬಿಣದ ಟಬ್ಬುಗಳ ಇಂಜಿನ್ ಓಡಿಸುವ ಮೌನೇಶ. ಮೌನೇಶನ ಸಂಸಾರ ದೂರದ ಸಿಂಧನೂರು ಕಡೆ ಇತ್ತು, ಅವನ ಮನೆಗೆ ಪರದೆ ಇರಲಿಲ್ಲ. ನನಗಂತೂ ಕಾಲೊನಿಯಲ್ಲಿ ಮನೆಯೇ ಇಲ್ಲ. ನಾಲ್ಕನೇ ಸುರಂಗದ ಒಂದು ಪೆಟ್ಟಿಗೆ ಕೆಟ್ಟಿದೆ, ನೋಡಿ ಬರುತ್ತೇವೆ ಎಂದು ಪಾಳಿ ಪುಸ್ತಕದಲ್ಲಿ ಬರೆದು ಹೊರಟೆವು. ನಾಲ್ಕಕ್ಕೆ ಹೋಗಲು ಮೂರನೆಯದನ್ನು ಹಾಯಬೇಕು. ಅಲ್ಲಿ ಅದಿರು ತುಂಬಿದ ಏಳು ಟಬ್ಬುಗಳು ಹಳಿಯ ಮೇಲೆ ಸಾಲಾಗಿ ನಿಂತಿದ್ದವು. ಗೋಡೆಗೆ ಅಂಟಿಕೊಂಡು ಅವುಗಳನ್ನು ದಾಟಿ ಹತ್ತು ಹೆಜ್ಜೆ ನಡೆದಿರಬಹುದು, ಮುಂದೆ ಸೂರು ಕುಸಿಯಿತು. ತಿರುಗಿ ಓಡೋಣವೆಂದರೆ ಟಬ್ಬುಗಳ ಮೇಲೂ ಕುಸಿಯಿತು.

ದೂಳು ಇಳಿದ ಮೇಲೆ ಲೆಕ್ಕ ಹಾಕಿದೆವು. ಉದ್ದ ಹತ್ತು ಹೆಜ್ಜೆ, ಅಗಲ ನಾಲ್ಕು, ಆದರೆ ನೆಲದ ತುಂಬ ಉರುಳಿ ಬಿದ್ದ ಬಂಡೆ; ಟಬ್ಬಿನ ಬುಡದಲ್ಲಿ ಮೂವರು ಮೊಣಕಾಲು ಮಡಚಿ ಕೂರುವಷ್ಟೇ ಜಾಗ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊನೆಯ ಟಬ್ಬಿನ ಬೆನ್ನು, ಅದರ ಸುತ್ತಲೂ ಮೇಲೂ ಬಂಡೆ. ಗಾಳಿಯ ಕೊಳವೆ ಜಜ್ಜಿ ಹೋಗಿತ್ತು. ಇರುವ ಗಾಳಿ ನಾಳೆ ಬೆಳಗಿನವರೆಗೆ ಬರುವುದು ಅನುಮಾನ. ಮೂವತ್ತೊಂದು ವರ್ಷ ಗಣಿಯ ದೂಳು ಕುಡಿದ ಖಾಸಿಂಸಾಬರ ಎದೆಗೆ ಅಷ್ಟು ಹೊತ್ತೂ ಸಿಗಲಾರದು. ಅವರಾಗಲೇ ಕೆಮ್ಮುತ್ತಿದ್ದರು. ಬಿಟ್ಟೂ ಬಿಡದೆ ಕೆಮ್ಮುತ್ತಿದ್ದರು.

ಮೌನೇಶ ಮಾತ್ರ ನೆಮ್ಮದಿಯಾಗಿದ್ದ. ಬಿಲ್ಲೆಯನ್ನು ಅಂಗಿಯ ತೋಳಿನಿಂದ ಒರೆಸಿ ಹೇಳಿದ: “ಯಾಕ ಅಂಜತೀರಿ? ಚುಕ್ಕಿ ಅದಲ್ಲ. ಮ್ಯಾಲ ಎಲ್ಲಾ ಕಾಣತದ. ಸೀದಾ ನಮ್ಮ ತಲಿ ಮ್ಯಾಲೇ ಕೊರದು ಬರತಾರ. ಮೇಡಂನೂ ನಮ್ಮ ಜೋಡಿನೇ ಅದಾರ, ಇನ್ನೇನು ಬೇಕು?”

ಒಂದೆರಡು ತಾಸಿನಲ್ಲಿ ಕೊರೆಯುವ ಸದ್ದು ಕೇಳಿಸಿತು. ಮೌನೇಶ ಟಬ್ಬಿಗೆ ಕೈ ಬಡಿದು ಕೂಗಿದ. ನಾನು ಗೋಡೆಗೆ ಕಿವಿ ಇಟ್ಟೆ. ಎಡಗಡೆಯ ಗೋಡೆಯಲ್ಲಿ ಸದ್ದು ಜೋರಾಗಿತ್ತು, ಬಲಗಡೆಯಲ್ಲಿ ಇರಲೇ ಇಲ್ಲ. ಎಡಗಡೆ, ಎಪ್ಪತ್ತು ಅಡಿ ಆಚೆಗೆ ಇರುವುದು ನಾಲ್ಕನೇ ಸುರಂಗ.

“ಅವರು ಇಲ್ಲಿಗೆ ಕೊರೀತಿಲ್ಲ” ಎಂದೆ. “ನಾಲ್ಕಕ್ಕೆ ಕೊರೀತಿದಾರೆ.”

“ಅದ್ಹ್ಯಾಂಗ್ರಿ? ಚುಕ್ಕಿ ಇಲ್ಲೇ ಅದಲ್ಲ!”

“ಚುಕ್ಕಿ ತಪ್ಪಾಗಿದೆ ಮೌನೇಶ. ತಪ್ಪು ನಂದು.”

ಹೇಳಲೇಬೇಕಾಯಿತು. ಹೊರಗೆ ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ದೇವರಾಣೆ ಗೊತ್ತಿಲ್ಲ. ಮಾದರಿಗೆ ಬೇಕಾದ ಅಳತೆ ಮಾಡಲು ಸುರಂಗದಲ್ಲಿ ಏನೂ ಅಲುಗಾಡಬಾರದು. ಗಣಿಯನ್ನು ಒಂದು ತಾಸು ನಿಲ್ಲಿಸಿ ಎಂದರೂ ಆಡಳಿತದವರು ಒಪ್ಪಲಿಲ್ಲ. ವರ್ಷಕ್ಕೆ ಎರಡೇ ದಿನ ಈ ಗಣಿ ನಿಲ್ಲುವುದು, ಆಯುಧಪೂಜೆಗೆ. “ಆಗ ಅಳ್ಕೊಳ್ಳಿ” ಎಂದರು. ನಾನು ಖುಷಿಯಾಗಿ ಒಪ್ಪಿದೆ. ಆಯುಧಪೂಜೆಗೆ ಇಲ್ಲಿ ಏನು ಮಾಡುತ್ತಾರೆ? ಇಂಜಿನ್ನು, ಡ್ರಿಲ್ಲು, ಟಬ್ಬು ಒಂದನ್ನೂ ಬಿಡದೆ ಮೇಲೆ ತಂದು, ತೊಳೆದು, ಚೆಂಡುಹೂ ಕಟ್ಟಿ, ಕುಂಬಳಕಾಯಿ ಒಡೆಯುತ್ತಾರೆ. ಎರಡು ದಿನ ಕೆಳಗೆ ಖಾಲಿ ಸುರಂಗ. ಗುಡಿಸಿದ ಹಾಗೆ ಖಾಲಿ. ನನ್ನ ಮಾದರಿ ಕಲಿತದ್ದು ಅಂಥ ಸುರಂಗವನ್ನು. ಏಳು ಟಬ್ಬು ಸಾಲಾಗಿ ನಿಂತ ಸುರಂಗವನ್ನು ಅದು ನೋಡಿಯೇ ಇಲ್ಲ.

ಕಬ್ಬಿಣ ರೇಡಿಯೋ ಅಲೆಗೆ ಗೋಡೆ ಇದ್ದಂತೆ. ಬಂಡೆಯೂ ಟಬ್ಬುಗಳೂ ನೇರ ದಾರಿಯನ್ನು ಮುಚ್ಚಿದ್ದವು. ನಮ್ಮ ಮಿಡಿತ ಬಂಡೆಯ ಸಂದಿಗಳಲ್ಲಿ ನುಸುಳಿ, ನಾಲ್ಕನೇ ಸುರಂಗವನ್ನು ಸುತ್ತಿ, ತಡವಾಗಿ ಪೆಟ್ಟಿಗೆಯನ್ನು ಮುಟ್ಟುತ್ತಿತ್ತು. ಇಷ್ಟು ತಡವಾಗಿ ಬರಬೇಕಾದರೆ ಮನುಷ್ಯ ನಾಲ್ಕನೇ ಸುರಂಗದಲ್ಲೇ ಇರಬೇಕು ಎಂದು ಮಾದರಿ ತೀರ್ಮಾನಿಸುತ್ತದೆ. ಅದರ ತಪ್ಪೇನೂ ಇಲ್ಲ. ಅದಕ್ಕೆ ಕಲಿಸಿದ್ದೇ ಅಷ್ಟು.

ಖಾಸಿಂಸಾಬ್ ಕೆಮ್ಮಿನ ನಡುವೆಯೇ ನಕ್ಕರು. “ಅವತ್ತು ಟಬ್ಬು ಮ್ಯಾಲ ಕಳಿಸಿದಾಂವ ನಾನೇ ಅಲ್ರೀ ಮೇಡಂ. ಒಂದೂ ಬಿಡಬ್ಯಾಡ್ರಿ, ಪೂಜಿ ಇಲ್ದ ಟಬ್ಬು ಮನಷ್ಯಾನ್ನ ತಿಂತದ ಅಂತ ಎಲ್ಲಾರಿಗೂ ಬೈದು ಕಳಿಸೀನಿ.”

ಮೌನೇಶ ನಗಲಿಲ್ಲ. “ಒಂದು ಮಾತು ಮೊದಲೇ ಹೇಳಬಾರದಿತ್ತೇನ್ರಿ?” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಇದ್ದದ್ದು ಅವಮಾನ. ನಾಲ್ಕು ವರ್ಷ ಅವನು ಆ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಎದೆಗೆ ಹಾಕುತ್ತಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಭೂಮಿ ಆಗಲೇ ನುಂಗಿಕೊಂಡಿತ್ತಲ್ಲ.

ಮೇಲೆ ಆಗ ಏನು ನಡೆಯುತ್ತಿತ್ತು ಎಂಬುದನ್ನು ಆಮೇಲೆ ಹೇಳಿದವನು ನಿರಂಜನ, ನನ್ನ ಕೈಕೆಳಗೆ ಕೆಲಸ ಕಲಿತ ಇಂಜಿನಿಯರ್. ಪರದೆಯಲ್ಲಿ ಮೂರು ಚುಕ್ಕಿ, ನಾಲ್ಕನೇ ಸುರಂಗದ ನಡುಮಧ್ಯದಲ್ಲಿ. ಪುಸ್ತಕದಲ್ಲೂ ನನ್ನದೇ ಅಕ್ಷರದಲ್ಲಿ ನಾಲ್ಕನೇ ಸುರಂಗ. ಗಣಿಯ ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ: “ತಪ್ಪು ಎಷ್ಟಿರಬಹುದು?”

“ಹೆಚ್ಚಂದ್ರೆ ಅರ್ಧ ಮೀಟರ್ ಸಾರ್” ಎಂದನಂತೆ ನಿರಂಜನ. “ಮೇಡಂ ರಿಪೋರ್ಟಲ್ಲೇ ಇದೆ.”

ಹದಿಮೂರನೇ ಲೆವೆಲ್‌ನಿಂದ ಕೆಳಕ್ಕೆ ಕೊರೆಯಲು ಶುರು ಮಾಡಿದರು. ಒಂದು ತೂತು ಮುಗಿಯಲು ಐದಾರು ತಾಸು. ಅದು ನಾಲ್ಕನೇ ಸುರಂಗದ ಖಾಲಿ ಜಾಗಕ್ಕೆ ಇಳಿದು, ಯಾರೂ ಇಲ್ಲ ಎಂದು ಗೊತ್ತಾಗಿ, ಮತ್ತೆ ಎಲ್ಲಿ ಕೊರೆಯಬೇಕು ಎಂದು ಮೀಟಿಂಗು ಮಾಡುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತಿತ್ತು.

ಕೆಳಗೆ ನಾವು ಕಲ್ಲಿನಿಂದ ಟಬ್ಬಿಗೆ ಬಡಿದೆವು. ಕೊರೆತದ ಅಬ್ಬರದಲ್ಲಿ ಅದು ಯಾರಿಗೆ ಕೇಳಬೇಕು? ಕೈ ಸೋತು ನಿಂತಾಗ ಖಾಸಿಂಸಾಬ್ ಕೇಳಿದರು.

“ಈ ಬಿಲ್ಲಿ ಉಸುರು ಕಳಸತದಲ್ಲ ಮೇಡಂ. ಅದು ಸರಿ ಹೋಗತದೋ, ಅದೂ ತಪ್ಪೋ?”

“ಉಸಿರು ಸರಿಯಾಗೇ ಹೋಗುತ್ತೆ. ಆದರೆ ಮೇಲೆ ಸರಾಸರಿ ಮಾಡಿ ತೋರಿಸ್ತಾರೆ. ಏನು ಮಾಡಿದ್ರೂ ಅವರಿಗೆ ಗೊತ್ತಾಗಲ್ಲ.”

“ನಮ್ಮ ಮನ್ಯಾಗ?”

“ಮನೆಗೆ ಬಂದದ್ದು ಬಂದ ಹಾಗೇ ಹೋಗುತ್ತೆ” ಎಂದೆ. ಮೇಸ್ತ್ರಿಯಾಗುವ ಮೊದಲು ಖಾಸಿಂಸಾಬ್ ಇಪ್ಪತ್ತೆರಡು ವರ್ಷ ಗಣಿಬಾಯಿಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದವರು. ಲಿಫ್ಟ್ ಎಳೆಯುವವನಿಗೆ ಗಂಟೆಯೇ ಅಪ್ಪಣೆ. ಒಂದು ಗಂಟೆ ಎಂದರೆ ನಿಲ್ಲಿಸು. ಆಮೇಲೆ ತುಸು ಬಿಟ್ಟು ಎಷ್ಟು ಗಂಟೆಯೋ, ಅಷ್ಟನೆಯ ಸುರಂಗದಲ್ಲಿ ಮಂದಿ ಇದ್ದಾರೆ, ಅಲ್ಲಿಗೆ ಹೋಗು; ಆಗೆಲ್ಲ ಅಂತಸ್ತಿಗೊಂದೇ ಸುರಂಗ. ಹಳೆಯ ಕಾಲೊನಿಗೆ ಗಂಟೆಯ ಸದ್ದು ಕೇಳುತ್ತಿತ್ತು. ಹುಸೇನಬಿ ಸಂಸಾರ ಮಾಡಿದ್ದೇ ಆ ಗಂಟೆ ಎಣಿಸುತ್ತ.

“ಆಕಿ ಪರದಿ ಬಿಟ್ಟು ಏಳಂಗಿಲ್ಲ ಇವತ್ತು” ಎಂದರು ಖಾಸಿಂಸಾಬ್. “ಒಂದು ಉಸುರು, ತಡೀಬೇಕು. ಆಮ್ಯಾಲ ಮೂರು ಉಸುರು, ತಡೀಬೇಕು. ಅಷ್ಟ ಅಲ್ಲೇನು?”

“ನಿಮ್ಮಿಂದ ಆಗಲ್ಲ. ನಿಮ್ಮ ಬಿಲ್ಲೆ ನನಗೆ ಕೊಡಿ, ನಾನು ಮಾಡ್ತೀನಿ.”

“ನಿಮ್ಮ ಉಸುರು ಆಕಿ ಗುರ್ತು ಹಿಡಿಯಂಗಿಲ್ಲರಿ ಮೇಡಂ. ಬಿಲ್ಲಿ ಕೆಟ್ಟದ ಅಂತ ತಿಳಕೋತಾಳ.”

ನಾನು ವಾದ ಮಾಡಬೇಕಿತ್ತು. ಮಾಡಲಿಲ್ಲ. ಬದುಕುವ ಆಸೆ ಎಷ್ಟು ಬೇಗ ಬಾಯಿ ಮುಚ್ಚಿಸುತ್ತದೆ ಎಂದು ನಾನು ಅವತ್ತು ಕಂಡುಕೊಂಡೆ.

ಅವರು ಟಬ್ಬಿಗೆ ಒರಗಿ ಕುಳಿತರು. ದೊಡ್ಡದಾಗಿ ಒಂದು ಉಸಿರು ಎಳೆದು ಬಿಟ್ಟರು. ತಡೆದರು. ಕುತ್ತಿಗೆಯ ನರಗಳು ಎದ್ದು ನಿಂತವು. ಆಮೇಲೆ ಒಂದು, ಎರಡು, ಮೂರು. ಮತ್ತೆ ತಡೆ. ಎದೆಯೊಳಗಿನ ಕೆಮ್ಮನ್ನು ಹಲ್ಲು ಕಚ್ಚಿ ಹಿಡಿದು, ಆಗದೇ ಹೋದಾಗ ಕೆಮ್ಮಿ, ನೀರು ತುಂಬಿದ ಕಣ್ಣು ಒರೆಸಿಕೊಂಡು ಮೊದಲಿನಿಂದ ಶುರು ಮಾಡುತ್ತಿದ್ದರು. ಮೌನೇಶ ಅವರ ಬೆನ್ನು ನೀವುತ್ತಿದ್ದ. ಒಂದು ಸಲಕ್ಕಿಂತ ಇನ್ನೊಂದು ಸಲ ಅವರ ತುಟಿ ಹೆಚ್ಚು ನೀಲಿಗಟ್ಟುತ್ತಿತ್ತು. ನಾನು ಹೆಲ್ಮೆಟ್ಟಿನ ದೀಪ ಆರಿಸಿದೆ. ಬ್ಯಾಟರಿ ಉಳಿಯಲಿ ಎಂದು ಹೇಳಿದೆ. ನಿಜವಾಗಿ ನನಗೆ ನೋಡಲಾಗಲಿಲ್ಲ.

ಹುಸೇನಬಿಗೆ ಅದು ಕಂಡದ್ದು ಹನ್ನೊಂದು ಗಂಟೆಯ ಸುಮಾರಿಗೆ. ನೆರೆಮನೆಯವರು ಕೂಡಿಕೊಂಡು ಸಮಾಧಾನ ಹೇಳುತ್ತಿದ್ದರು. ಹುಸೇನಬಿ “ಸುಮ್ಮನಿರ್ರಿ” ಎಂದು ಎಲ್ಲರ ಬಾಯಿ ಮುಚ್ಚಿಸಿ ನೆಲದ ಮೇಲೆ ಬೆರಳಿನಿಂದ ಬಡಿಯುತ್ತ ಎಣಿಸಿದರಂತೆ. ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಪರದೆಯನ್ನು ಗೋಡೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ನಿಯಂತ್ರಣ ಕೊಠಡಿಗೆ ನಡೆದರು. ಬಾಗಿಲಲ್ಲಿ ತಡೆದವನನ್ನು ಪಕ್ಕಕ್ಕೆ ತಳ್ಳಿದರು.

“ಕೊರಿಯೋದು ನಿಲ್ಲಸ್ರಿ. ನಮ್ಮೋರು ಗಂಟಿ ಹೊಡೀಕತ್ತಾರ.”

ಮ್ಯಾನೇಜರು ಒಳ್ಳೆಯ ಮಾತಿನಲ್ಲೇ ಹೇಳಿದರು: “ಅಮ್ಮಾ, ಕೆಳಗ ಗಾಳಿ ಕಮ್ಮಿ ಅದ. ಉಸಿರು ಏರುಪೇರು ಆಗೋದು ಸಹಜ. ನೀವು ಮನೀಗೆ ಹೋಗ್ರಿ.”

“ಏರುಪೇರು ಅಲ್ರೀ ಸಾಹೇಬ್ರ. ಒಂದು. ಬಿಟ್ಟು ಮೂರು. ಕೆಮ್ಮು ಬಂದ್ರ ಮೊದಲಿಂದ ಹೊಡೀತಾರ. ಅವರು ಮೂರರಾಗ ಅದಾರ, ನಾಲ್ಕರಾಗ ಇಲ್ಲ. ಇಪ್ಪತ್ತೆರಡು ವರ್ಷ ಅವರ ಗಂಟಿ ತಪ್ಪಿಲ್ಲ, ಇವತ್ತು ತಪ್ಪತದೇನು?”

ಎದುರಿಗೆ ದೊಡ್ಡ ಪರದೆಯಲ್ಲಿ ಖಾಸಿಂಸಾಬರ ಚುಕ್ಕಿ ಗಡಿಯಾರದಂತೆ ಮಿಡಿಯುತ್ತಿತ್ತು. ಕೊರೆತ ಆಗಲೇ ಅರ್ಧಕ್ಕೆ ಬಂದಿತ್ತು. ಅದನ್ನು ನಿಲ್ಲಿಸಿ, ಒಬ್ಬ ಹೆಂಗಸಿನ ಮಾತಿನ ಮೇಲೆ ಬೇರೆ ಕಡೆ ಕೊರೆದು, ಅದು ತಪ್ಪಾದರೆ? ಮ್ಯಾನೇಜರು ಹಾಗೆ ಯೋಚಿಸಿದ್ದನ್ನು ನಾನು ಬೈಯಲಾರೆ. ನಾನೇ ಆ ಕುರ್ಚಿಯಲ್ಲಿದ್ದಿದ್ದರೂ ರಿಪೋರ್ಟನ್ನೇ ನಂಬುತ್ತಿದ್ದೆ.

ನಿರಂಜನ ಸರಾಸರಿಯನ್ನು ತೆಗೆದುಹಾಕಿದ. ಚುಕ್ಕಿ ಒಮ್ಮೆಲೇ ಒದ್ದಾಡತೊಡಗಿತು. ಒಂದು. ತಡೆ. ಮೂರು. ತಡೆ. ಆರು ಸಲ ಎಣಿಸಿದನಂತೆ. ಆಮೇಲೆ ಅವನು ನನ್ನ ರಿಪೋರ್ಟಿನ ಪುಟ ತಿರುವಿ, ನಾನು ಸಣ್ಣ ಅಕ್ಷರದಲ್ಲಿ ಹಾಕಿದ್ದ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದ: ‘ಟಬ್ಬುಗಳಿರುವಾಗಿನ ಅಳತೆ ಮುಂದಿನ ಹಂತದಲ್ಲಿ ಮಾಡಬೇಕಾಗಿದೆ.’ ಆ ಮುಂದಿನ ಹಂತ ನಾಲ್ಕು ವರ್ಷವಾದರೂ ಬಂದಿರಲಿಲ್ಲ.

ಕೆಳಗೆ ನಮಗೆ ಗೊತ್ತಾದದ್ದು ಇಷ್ಟೇ. ಕೊರೆಯುವ ಸದ್ದು ನಿಂತಿತು.

ಅದು ನಿಲ್ಲಲಿ ಎಂದೇ ಒಬ್ಬ ಮನುಷ್ಯ ಎರಡು ತಾಸು ಉಸಿರು ಕಟ್ಟಿದ್ದ. ಆದರೆ ನಿಂತಾಗ ನಾನು ಮತ್ತೆ ಗೋಡೆಗೆ ಕಿವಿ ಇಟ್ಟೆ. ಅರ್ಥವಾಗಿ ನಿಲ್ಲಿಸಿದರೋ, ಕೈಬಿಟ್ಟರೋ? ಕತ್ತಲಿನಲ್ಲಿ ನಮ್ಮ ಮೂವರ ಉಸಿರು ಬಿಟ್ಟರೆ ಇನ್ನೇನೂ ಇಲ್ಲ. ಮೌನೇಶ ಸಿಂಧನೂರಿನ ತನ್ನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಮತ್ತೆ ಮತ್ತೆ ಹೇಳತೊಡಗಿದ. ನಾನು ಅಳುತ್ತಿದ್ದೆ, ಸದ್ದಾಗದ ಹಾಗೆ. ಅತ್ತರೂ ಗಾಳಿ ಖರ್ಚಾಗುತ್ತದೆ ಎಂಬ ಲೆಕ್ಕ ಆಗಲೂ ತಲೆಯಲ್ಲಿ ಓಡುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ. ಆಮೇಲೆ ಬಲಗಡೆಯಿಂದ, ತಲೆಯ ಮೇಲಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಬಂಡೆ ನಡುಗಿ ದೂಳು ಉದುರಿತು.

“ಕೇಳತೇನ್ರಿ ಮೇಸ್ತ್ರಿ? ಅಮ್ಮಾರು ಗಂಟಿ ಕೇಳ್ಯಾರ!” ಮೌನೇಶ ಕೂಗಿದ.

“ಕೇಳದೇ ಎಲ್ಲಿ ಹೋಗತಾಳ” ಎಂದರು ಖಾಸಿಂಸಾಬ್. ಇನ್ನು ಉಸಿರು ತಡೆಯುವುದು ಬೇಕಿರಲಿಲ್ಲ. ಆದರೆ ಅವರಿಗೆ ಉಸಿರು ಎಳೆಯುವುದೇ ಕಷ್ಟವಾಗಿತ್ತು. ಮೈ ನಡುಗುತ್ತಿತ್ತು. ಆ ಕಾವಿನಲ್ಲೂ ಚಳಿ ಎಂದರು. ನಾನು ಅವರ ಪಕ್ಕಕ್ಕೆ ಸರಿದು, ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡು ಗಟ್ಟಿಯಾಗಿ ಹಿಡಿದುಕೊಂಡೆ. ಅವರ ಎದೆಯ ಮೇಲಿನ ಬಿಲ್ಲೆ ನನ್ನ ಪಕ್ಕೆಲುಬಿಗೆ ಒತ್ತುತ್ತಿತ್ತು.

ತೂತು ಮುಗಿಯಲು ಐದು ತಾಸು ಹಿಡಿಯಿತು. ನಾಲ್ಕನೇ ತಾಸಿನಲ್ಲಿ ಕೆಮ್ಮು ನಿಂತಿತು. ನಿದ್ದೆ ಹತ್ತಿತು ಎಂದುಕೊಂಡೆ. ಆಮೇಲೆ ಕೈ ಮುಟ್ಟಿ ನೋಡಿದೆ. ಮೌನೇಶ ದೀಪ ಹಚ್ಚಿ ನೋಡಿದ, ಆರಿಸಿದ. ಕತ್ತಲಿನಲ್ಲಿ ನಾನು ಅವರನ್ನು ಹಿಡಿದುಕೊಂಡೇ ಇದ್ದೆ. ಅವರನ್ನು ಎಲ್ಲಿ ಮಲಗಿಸುವುದು? ಮಲಗಿಸಲು ಜಾಗವೇ ಇರಲಿಲ್ಲ.

ಸಂಜೆ ಆರಕ್ಕೆ ಸೂರಿನಿಂದ ಕಲ್ಲು ಉದುರಿ, ಅಂಗೈಯಗಲದ ತೂತು ಬಿತ್ತು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ನಾನು ಬಾಯಿ ತೆರೆದು ಕುಡಿದೆ, ನಾಚಿಕೆಯಿಲ್ಲದೆ. ಕೊಳವೆ ಇಳಿಯಿತು, ಅದರೊಳಗಿಂದ ನಿರಂಜನನ ದನಿ.

“ಮೇಡಂ! ಮೂರು ಜನಾನೂ ಚೆನ್ನಾಗಿದೀರಲ್ವಾ? ಇಲ್ಲಿ ಮೂರು ಉಸಿರೂ ಕಾಣಿಸ್ತಿದೆ. ನಾಳೆ ಬೆಳಗ್ಗೆ ಹೊತ್ತಿಗೆ ದಾರಿ ಅಗಲ ಮಾಡಿಬಿಡ್ತೀವಿ, ಅಲ್ಲೀತನಕ ಗಾಳಿಗೆ ತೊಂದರೆ ಇಲ್ಲ!”

ಮೂರು ಉಸಿರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಖಾಸಿಂಸಾಬರ ಬಿಲ್ಲೆ ಕಳಿಸಿದ ಮಿಡಿತ ನನ್ನ ಎದೆಗೆ ಬಡಿದು, ಬೆನ್ನ ಹಿಂದಿನ ಕಬ್ಬಿಣಕ್ಕೆ ತಾಗಿ ವಾಪಸು ಬರುತ್ತಿತ್ತು. ಬಿಲ್ಲೆ ಯಾರ ಎದೆಯ ಮೇಲಿದೆಯೋ ಉಸಿರು ಅವನದೇ ಎಂದು ನಾನು ಮಾದರಿಗೆ ಕಲಿಸಿದ್ದೆ. ಒಬ್ಬ ಸತ್ತವನನ್ನು ಇನ್ನೊಬ್ಬರು ತಬ್ಬಿಕೊಂಡು ಕೂರುತ್ತಾರೆ ಎಂದು ನಾನು ಯಾವ ಪುಟದಲ್ಲೂ ಬರೆದಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಬೆಳಗಿನವರೆಗೆ ಹೀಗೇ ಕುಳಿತರೆ ಬೆಳಗಿನವರೆಗೆ ಚುಕ್ಕಿ ಮಿಡಿಯುತ್ತದೆ. ಒಂದು ರಾತ್ರಿಯಾದರೂ ಆ ಹೆಂಗಸು ನೆಮ್ಮದಿಯಾಗಿರಲಿ. ಮೌನೇಶ ನನ್ನ ಮೊಣಕೈ ಹಿಡಿದು, “ಹೇಳಬ್ಯಾಡ್ರಿ” ಎಂದು ಪಿಸುಗುಟ್ಟಿದ. ನಾನು ಬಾಯಿ ತೆರೆಯುವ ಮೊದಲೇ ಕೊಳವೆಯಲ್ಲಿ ಬೇರೆ ದನಿ ಬಂತು. ಅದುರದ, ಅವಸರವಿಲ್ಲದ ದನಿ.

“ಬೇಟಿ, ನಾ ಹುಸೇನಬಿ. ಪರದಿ ನನ್ನ ಕೈಯಾಗೇ ಅದ. ಒಂದು ತಾಸಾತು, ಕೆಮ್ಮಿಲ್ಲ. ಉಸುರು ಬರಕತ್ತದ ಖರೆ, ಅದು ನಮ್ಮೋರದಲ್ಲ. ಇದು ಯಾರ ಉಸುರು?”

“ನಂದು ಅಮ್ಮಾ” ಎಂದೆ.